ಸಿಡಿ ನಕಲು: ಬರ್ನ್ ಮಾಡಿಸಬೇಕೋ, ಪ್ರೆಸ್ ಮಾಡಿಸಬೇಕೋ? (ಭಜನಾ ಮೇಳಗಳ ಗುಂಪಿನ ಪ್ರಶ್ನೋತ್ತರ)

ತಂತ್ರಜ್ಞ, ಕಲಬುರಗಿ: ನಮಸ್ಕಾರ. ಸಿಡಿ, ಡಿವಿಡಿ ನಕಲು ಮಾಡುವುದೇ ನನ್ನ ಕೆಲಸ. ಇವತ್ತು ಸಂಜೆ ಅಂಗಡಿಯಲ್ಲೇ ಇರುತ್ತೇನೆ, ಕೇಳಿ.

ಸೇಡಂ: ಶಾಲೆಯ ವಾರ್ಷಿಕೋತ್ಸವದ 200 ಡಿವಿಡಿ ಬೇಕು. ಬರ್ನಾ, ಪ್ರೆಸ್ಸಾ?

ತಂತ್ರಜ್ಞ: ಬರ್ನ್. ಬರ್ನ್ ಅಂದರೆ ಖಾಲಿ ಡಿಸ್ಕಿಗೆ ಡ್ರೈವಿನಲ್ಲಿ ಒಂದೊಂದಾಗಿ ಬರೆಯುವುದು. ಪ್ರೆಸ್ ಅಂದರೆ ಕಾರ್ಖಾನೆ ಕೆಲಸ. ಗಾಜಿನ ಮೇಲೆ ಮಾಸ್ಟರ್ ತೆಗೆದು, ಅದರಿಂದ ನಿಕಲ್ ಅಚ್ಚು ಮಾಡಿ, ಕರಗಿದ ಪ್ಲಾಸ್ಟಿಕ್ಕಿಗೆ ಒತ್ತುತ್ತಾರೆ. ಅಚ್ಚಿನ ಖರ್ಚು ಹತ್ತು ಡಿಸ್ಕಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಸಾವಿರದ ಹತ್ತಿರ ಹೋದರೆ ಮಾತ್ರ ಗಿಟ್ಟುತ್ತದೆ.

ಹುಮನಾಬಾದ್: 150 ಸಿಡಿ ಸರ್. ಬರ್ನಾ ಪ್ರೆಸ್ಸಾ?

ತಂತ್ರಜ್ಞ: ಬರ್ನ್. ಮೇಲೆ ಹೇಳಿದ್ದೇನೆ.

ಆಳಂದ: ನಮ್ಮ ತಂದೆ ಹಾಡಿದ ತತ್ವಪದಗಳ ಸಿಡಿ ಇದೆ, 2006ರಲ್ಲಿ ಬರ್ನ್ ಮಾಡಿಸಿದ್ದು. ಅವರು ಈಗಿಲ್ಲ. ಶರಣಬಸವೇಶ್ವರ ಜಾತ್ರೆಯಲ್ಲಿ ಹಂಚಲು 300 ಕಾಪಿ ಬೇಕು. ಕೊನೆಯ ಎರಡು ಪದ ತಡವರಿಸುತ್ತವೆ. ಇದನ್ನೇ ಟವರಿಗೆ, ಅಂದರೆ ಒಮ್ಮೆಗೇ ಹಲವು ಕಾಪಿ ತೆಗೆಯುವ ಯಂತ್ರಕ್ಕೆ, ಹಾಕಿಸಿದರೆ ಆಗುತ್ತಲ್ವಾ?

ತಂತ್ರಜ್ಞ: ಬೇಡ. ಬೇರೆ ಕಾಪಿ ಇದೆಯಾ?

ಆಳಂದ: ಇಲ್ಲ ಸರ್, ಇದೊಂದೇ. ಮೇಲೆ ಕಾಗದದ ಸ್ಟಿಕ್ಕರ್ ಇದೆ, ಹಿಂದೆಯೇ ಯಾರೋ ಅಂಟಿಸಿದ್ದು.

ತಂತ್ರಜ್ಞ: ಹಾಗಾದರೆ 300 ಕಾಪಿಯ ಮಾತು ಆಮೇಲೆ. ಸಿಡಿ ಓದುವುದು ಒಳಗಿನಿಂದ ಹೊರಕ್ಕೆ. ಕೊನೆಯ ಪದಗಳು ಹೊರ ಅಂಚಿನಲ್ಲಿರುತ್ತವೆ. ನಾವು ಹಿಡಿಯುವುದೂ ಅಂಚನ್ನೇ, ಬೆವರು, ಬಿಸಿಲು ಮೊದಲು ತಾಗುವುದೂ ಅಲ್ಲಿಗೇ. ನಿಮ್ಮ ಡಿಸ್ಕ್ ಹಾಳಾಗಲು ಶುರುವಾಗಿದೆ. ಬರ್ನ್ ಮಾಡಿದ ಸಿಡಿಯಲ್ಲಿ ಹಾಡು ಇರುವುದು ತೆಳುವಾದ ಒಂದು ಬಣ್ಣದ ಪದರದಲ್ಲಿ. ವರ್ಷ ಕಳೆದಂತೆ ಅದು ಮಾಸುತ್ತದೆ. ಟ್ಯೂಬ್‌ಲೈಟಿಗೆ ಹಿಡಿದು ತಳ ನೋಡಿ, ಅಂಚಿನಲ್ಲಿ ಬಣ್ಣ ತಿಳಿಯಾಗಿ ಕಾಣಬಹುದು.
ಟವರ್ ಏನು ಮಾಡುತ್ತದೆ ಅಂದರೆ, ಮೂಲ ಡಿಸ್ಕಿನಲ್ಲಿ ಓದಲಾಗದ ಜಾಗ ಬಂದರೆ ಊಹಿಸಿ ತುಂಬಿಸುತ್ತದೆ, ಇಲ್ಲ ನಿಂತುಬಿಡುತ್ತದೆ. ಊಹಿಸಿದರೆ ಅದೇ ತಡವರಿಕೆ 300 ಮನೆಗೆ ಹೋಗುತ್ತದೆ. ಅದಕ್ಕೆ ಮೊದಲು ಕಂಪ್ಯೂಟರಿಗೆ ತೆಗೆಯಬೇಕು, ಕಡಿಮೆ ವೇಗದಲ್ಲಿ. ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ತಂತ್ರಾಂಶ ಒಂದೇ ಜಾಗವನ್ನು ಮತ್ತೆ ಮತ್ತೆ ಓದಿ ತಾಳೆ ನೋಡುತ್ತದೆ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು, ನಾನು ಮೂರರಲ್ಲಿ ಹಾಕಿ ನೋಡುತ್ತೇನೆ. 80 ನಿಮಿಷದ ಹಾಡು ಸುಮಾರು 800 ಎಂಬಿ ಆಗುತ್ತದೆ. ಅದನ್ನು ಎರಡು ಕಡೆ ಇಡಿ. ಎಂಪಿ3 ಮಾಡಿ ಮೂಲ ಅಳಿಸಬೇಡಿ.
ಕಾಪಿ ಸುಲಭ. ಏಳು ಡ್ರೈವಿನ ಟವರಿನಲ್ಲಿ 300ಕ್ಕೆ 43 ಸುತ್ತು. ಸುತ್ತಿಗೆ ಆರು ನಿಮಿಷ ಹಿಡಿದರೆ ನಾಲ್ಕೂವರೆ ತಾಸಿನೊಳಗೆ ಮುಗಿಯುತ್ತದೆ. ತಾಳೆ ನೋಡಲು ಇನ್ನಷ್ಟು ಹೊತ್ತು, ಅದನ್ನು ಬಿಡಬೇಡಿ. ಹೆಸರು ನೇರ ಡಿಸ್ಕಿನ ಮೇಲೆ ಪ್ರಿಂಟ್ ಮಾಡಿಸಿ, ಸ್ಟಿಕ್ಕರ್ ಬೇಡ. ಹಳೆಯದರ ಸ್ಟಿಕ್ಕರ್ ಮಾತ್ರ ಮುಟ್ಟಬೇಡಿ.

ಯಾದಗಿರಿ: ಫಾರ್ವರ್ಡ್ ಬಂದಿದೆ ನೋಡಿ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿ, ರಾತ್ರಿ ಫ್ರೀಜರಿನಲ್ಲಿಟ್ಟರೆ ಸಿಡಿ ಹೊಸದಾಗುತ್ತದೆ.

ತಂತ್ರಜ್ಞ: ಯಾರೂ ಮಾಡಬೇಡಿ. ಪೇಸ್ಟಿನಿಂದ ತಳದ ಸಣ್ಣ ಗೀರು ಸವೆಯಬಹುದು, ಮಾಸಿದ ಬಣ್ಣ ಬರುವುದಿಲ್ಲ. ಸಿಡಿಯಲ್ಲಿ ಹಾಡಿನ ಪದರ ಇರುವುದು ಹೆಸರು ಬರೆಯುವ ಬದಿಗೇ ಅಂಟಿಕೊಂಡು. ಆ ಬದಿ ಉಜ್ಜಿದರೆ ಹಾಡೇ ಹೋಗುತ್ತದೆ. ಫ್ರೀಜರಿನಿಂದ ತೆಗೆದ ಡಿಸ್ಕಿನ ಮೇಲೆ ಬೆವರಿನಂತೆ ನೀರು ಕೂರುತ್ತದೆ, ಅಷ್ಟೇ ಲಾಭ.

ಬೀದರ್: ಈಗ ಸಿಡಿ ಯಾರು ಹಾಕುತ್ತಾರೆ? ಪೆನ್‌ಡ್ರೈವ್ ಕೊಡಿ.

ಚಿಂಚೋಳಿ: ನಮ್ಮ ಊರ ಗುಡಿಯಲ್ಲಿ ಇವತ್ತಿಗೂ ಸಿಡಿ ಪ್ಲೇಯರೇ ಇದೆ.

ಬೀದರ್: ಹೊಸದು ತಗೊಳ್ಳಿ.

ಚಿಂಚೋಳಿ: ದುಡ್ಡು ನೀವು ಕೊಡ್ತೀರಾ? ಪೆನ್‌ಡ್ರೈವ್ ಕೊಟ್ಟರೆ ಹಾಡು ಅಳಿಸಿ ಸಿನಿಮಾ ತುಂಬಿಸಿಕೊಳ್ಳುತ್ತಾರೆ. ಸಿಡಿ ಸಿಡಿಯಾಗೇ ಇರುತ್ತದೆ.

ಬೀದರ್: ಕಪಾಟಿನಲ್ಲಿ ಧೂಳು ತಿನ್ನುತ್ತಾ.

ಚಿಂಚೋಳಿ: ನಿಮಗೆ ಬೇಡವಾದರೆ ಸುಮ್ನಿರಿ.

ಶಹಾಪುರ: ಹಳೆಯ ವಿಸಿಡಿಯನ್ನು ಡಿವಿಡಿಗೆ ಹಾಕಿದರೆ ಚಿತ್ರ ಚೆನ್ನಾಗಿ ಬರುತ್ತದಾ?

ಹುಮನಾಬಾದ್: ಸರ್, 150ಕ್ಕೆ ಪ್ರೆಸ್ ಮಾಡಿದರೆ ಜಾಸ್ತಿ ಬಾಳಿಕೆ ಬರಲ್ವಾ?

ತಂತ್ರಜ್ಞ: ಬರುತ್ತದೆ, ಅದರಲ್ಲಿ ಮಾಸುವ ಬಣ್ಣವೇ ಇಲ್ಲ. ಅಚ್ಚಿನ ದುಡ್ಡು 150ರ ಮೇಲೆ ಬೀಳುತ್ತದೆ. ಮೂರನೇ ಸಲ ಕೇಳಬೇಡಿ.

ಸುರಪುರ: ಹೊಸ ಸಿನಿಮಾ ಹಾಡಿನ 500 ಸಿಡಿ ಮಾಡಿಕೊಡುತ್ತೀರಾ?

ತಂತ್ರಜ್ಞ: ಹಕ್ಕು ನಿಮ್ಮದಲ್ಲ. ಮಾಡುವುದಿಲ್ಲ.

ಯಾದಗಿರಿ: ನಮ್ಮ ಚಿಕ್ಕಪ್ಪ ಪೇಸ್ಟ್ ಹಚ್ಚಿದ ಸಿಡಿ ಈಗಲೂ ಓಡುತ್ತಿದೆ. ಎಲ್ಲಾ ಅಂಗಡಿಯವರೂ ಹೀಗೇ ಹೆದರಿಸುತ್ತಾರೆ.

ತಂತ್ರಜ್ಞ: ನಿಮ್ಮ ಚಿಕ್ಕಪ್ಪನ ಸಿಡಿಗೆ ಗೀರು ಬಿದ್ದಿತ್ತು, ಇವರದಕ್ಕೆ ಬಣ್ಣ ಹೋಗುತ್ತಿದೆ. ಇದು ಅವರ ತಂದೆಯ ದನಿ. ಹೋದರೆ ನೀವು ತಂದುಕೊಡುತ್ತೀರಾ? ಆಳಂದದವರೇ, ಸ್ಟಿಕ್ಕರ್ ಮುಟ್ಟಿಲ್ಲ ತಾನೇ?

ಶಹಾಪುರ: ನನ್ನ ಪ್ರಶ್ನೆ ಹಾಗೇ ಉಳಿದಿದೆ.

ಆಳಂದ: ನಿಮ್ಮ ಮೆಸೇಜ್ ನೋಡುವ ಮೊದಲೇ ಒಂದು ಕಡೆ ಎಬ್ಬಿಸಿದೆ ಸರ್. ಉಗುರಿನಷ್ಟು ಬೆಳ್ಳಿ ಪದರ ಕಾಗದದ ಜೊತೆ ಬಂತು. ಅಂಚಿನ ಹತ್ತಿರ.

ತಂತ್ರಜ್ಞ: ಅಲ್ಲಿಗೇ ನಿಲ್ಲಿಸಿ. ಮತ್ತೆ ಒತ್ತಿ ಅಂಟಿಸಬೇಡಿ, ಯಾವ ಪ್ಲೇಯರಿಗೂ ಹಾಕಬೇಡಿ. ಗಟ್ಟಿ ಡಬ್ಬಿಯಲ್ಲಿಟ್ಟು, ಬಿಸಿಲು ಏರುವ ಮೊದಲು, ನಾಳೆ ಮೊದಲ ಬಸ್ಸಿಗೇ ತನ್ನಿ. ಒಳಗಿನ ಪದಗಳನ್ನು ಮೊದಲು ತೆಗೆದುಬಿಡುತ್ತೇನೆ. ಕೊನೆಯ ಎರಡನ್ನು ಆಮೇಲೆ ನೋಡೋಣ.