ಪದವಿ ವಿದ್ಯಾರ್ಥಿಗಳ ಕರ್ತೃತ್ವವನ್ನು ಕನ್ನಡದಲ್ಲಿ ಅಳೆಯುವುದು ಹೇಗೆ?

ಪ್ರಶ್ನೆ: ಕುಂಬಳೆಯ ಅಧ್ಯಾಪಕಿ

ಕಾಸರಗೋಡು ಜಿಲ್ಲೆಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಪದವಿಯ ಮಕ್ಕಳು ತಮ್ಮ ಕಲಿಕೆಯ ಲಗಾಮನ್ನು ಎಷ್ಟರ ಮಟ್ಟಿಗೆ ತಾವೇ ಹಿಡಿದಿದ್ದಾರೆ ಎಂಬುದನ್ನು ಅಳೆಯಬೇಕೆಂದು ಹೊರಟಿದ್ದೇನೆ. ಇಂಗ್ಲಿಷಿನವರು ಇದನ್ನು ಏಜೆನ್ಸಿ ಎನ್ನುತ್ತಾರೆ. ಆ ಪದ ಕೇಳಿದರೆ ನಮ್ಮಲ್ಲಿ ಗ್ಯಾಸ್ ಏಜೆನ್ಸಿ ನೆನಪಾಗುವುದರಿಂದ ಸದ್ಯಕ್ಕೆ ಕರ್ತೃತ್ವ ಎಂದು ಬರೆದುಕೊಂಡಿದ್ದೇನೆ.

ಫಿನ್ಲೆಂಡಿನ ಯುವಾಸ್ಕುಲಾ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ನನಗೆ ಬಹಳ ಹಿಡಿಸಿತು. ವಿದ್ಯಾರ್ಥಿಯ ಆಸಕ್ತಿ, ಆತ್ಮವಿಶ್ವಾಸಗಳನ್ನಷ್ಟೇ ಕೇಳಿ ಅದು ಸುಮ್ಮನಾಗುವುದಿಲ್ಲ. ಅಧ್ಯಾಪಕರ ಮೇಲೆ ನಂಬಿಕೆ ಇದೆಯೇ, ಎಲ್ಲರನ್ನೂ ಸಮನಾಗಿ ಕಾಣುತ್ತಾರೆಯೇ, ಸಹಪಾಠಿಗಳ ನೆರವು ಸಿಗುತ್ತದೆಯೇ, ಆಯ್ಕೆಗೆ ಅವಕಾಶ ಇದೆಯೇ ಎಂದೂ ಕೇಳುತ್ತದೆ. ಅದನ್ನು ಕನ್ನಡಕ್ಕೆ ತಂದು, ಪ್ರತಿ ವಾಕ್ಯಕ್ಕೂ ಒಂದರಿಂದ ಐದರವರೆಗೆ ಅಂಕ ಹಾಕಲು ಹೇಳಿ, ನನ್ನ ತರಗತಿಯ ಹತ್ತೊಂಬತ್ತು ಕನ್ನಡದ ಮಕ್ಕಳಿಗೆ ಕೊಟ್ಟೆ.

ಮುಳ್ಳೇರಿಯದ ಕಡೆಯಿಂದ ಬರುವ ಒಬ್ಬ ಹುಡುಗಿ ‘ತರಗತಿಯಲ್ಲಿ ಪ್ರಶ್ನೆ ಕೇಳುತ್ತೇನೆ’, ‘ಅಭಿಪ್ರಾಯ ಹೇಳುತ್ತೇನೆ’ ಎಂಬ ವಾಕ್ಯಗಳಿಗೆಲ್ಲ ಅತಿ ಕಡಿಮೆ ಅಂಕ ಕೊಟ್ಟಳು. ಪಟ್ಟಿಯಲ್ಲಿ ಅವಳೇ ಕೊನೆಯವಳು. ಪಾಠ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ ನಡೆಯುವ ತರಗತಿಯಲ್ಲಿ ಅವಳು ಬಾಯಿ ತೆರೆದದ್ದನ್ನು ನಾನು ನೋಡಿಲ್ಲ, ನಿಜ. ಆದರೆ ಅದೇ ಹುಡುಗಿ ದಿನದ ಟಿಪ್ಪಣಿಯನ್ನು ಸಂಜೆ ಕನ್ನಡಕ್ಕೆ ಇಳಿಸಿ, ಓದಿ, ಧ್ವನಿಮುದ್ರಿಸಿ ಏಳು ಮಂದಿ ಗೆಳತಿಯರಿಗೆ ವಾಟ್ಸ್‌ಆಪ್‌ನಲ್ಲಿ ಕಳುಹಿಸುತ್ತಾಳೆ. ಯಾರೂ ಹೇಳಿಕೊಟ್ಟದ್ದಲ್ಲ. ನನಗೆ ಗೊತ್ತಾದದ್ದೇ ಈ ತಿಂಗಳು. ಹಾಗಾದರೆ ನನ್ನ ಪ್ರಶ್ನಾವಳಿ ಅಳೆದದ್ದು ಏನನ್ನು? ಅನುವಾದದ ತಪ್ಪೋ, ಅಳತೆಗೋಲಿನದ್ದೋ?

ಉತ್ತರ: ಮಂಜೇಶ್ವರದ ನಿವೃತ್ತ ಕನ್ನಡ ಮಾಷ್ಟ್ರು

ಟೀಚರ್, ಅನುವಾದದ ಬಗ್ಗೆ ಮಾತ್ರ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಇಂಥ ವಾಕ್ಯಗಳಿಗೆಲ್ಲ ‘ನಾನು’ ಕರ್ತೃ. ಕನ್ನಡದಲ್ಲಿ ಹಾಗಲ್ಲ. ‘ನನಗೆ ಗೊತ್ತು’, ‘ನನಗೆ ಲೆಕ್ಕ ಬರುತ್ತದೆ’, ‘ನನಗೆ ಅರ್ಥವಾಯಿತು’ ಎನ್ನುತ್ತೇವೆ. ತಿಳಿವಳಿಕೆ, ಇಷ್ಟ, ಸಾಮರ್ಥ್ಯ ಎಲ್ಲವೂ ಚತುರ್ಥಿ ವಿಭಕ್ತಿಯಲ್ಲಿ, ಅಂದರೆ ‘ನನಗೆ’ ಎಂಬ ರೂಪದಲ್ಲಿ, ನಮ್ಮ ಕಡೆಗೆ ಬರುತ್ತವೆ. ‘ನಾನು ಈ ವಿಷಯವನ್ನು ಅರ್ಥಮಾಡಿಕೊಳ್ಳಬಲ್ಲೆ’ ಎಂದು ಬರೆದರೆ ವ್ಯಾಕರಣ ತಪ್ಪಿಲ್ಲ, ಆದರೆ ಹಳ್ಳಿಯ ಮನೆಯಿಂದ ಬಂದ ಮಗುವಿನ ಕಿವಿಗೆ ಅದು ಜಂಬದ ಮಾತು. ಅವಳು ಸಂಕೋಚದಿಂದ ಒಂದು ಅಂಕ ಇಳಿಸುತ್ತಾಳೆ. ‘ಈ ವಿಷಯ ನನಗೆ ಅರ್ಥವಾಗುತ್ತದೆ’ ಎಂದು ಬರೆದುನೋಡಿ, ಅದೇ ಅಂಕ ಮೇಲೇರಬಹುದು.

ಹಾಗೆಂದು ಎಲ್ಲವನ್ನೂ ಚತುರ್ಥಿಗೆ ತಿರುಗಿಸಬೇಡಿ. ಅರ್ಥವಾಗುವುದು ಬೇರೆ, ಅರ್ಥವಾಗದಾಗ ಏನು ಮಾಡುತ್ತೀರಿ ಎಂಬುದು ಬೇರೆ. ಎರಡನೆಯದರಲ್ಲಿ ‘ನಾನು’ ಇರಲೇಬೇಕು. ಅಲ್ಲೂ ‘ನಾನು’ ಇಲ್ಲವಾದರೆ ನೀವು ಹುಡುಕುತ್ತಿರುವ ವಸ್ತುವೇ ಕೈತಪ್ಪುತ್ತದೆ.

ಉತ್ತರ: ಮಹಾರಾಷ್ಟ್ರದ ಅಕ್ಕಲಕೋಟೆಯಿಂದ, ಸಂಖ್ಯಾಶಾಸ್ತ್ರ ಕಲಿಸುವವನು

ಮೇಡಂ, ಮಾಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ದೋಷ ಅನುವಾದದಲ್ಲಿ ಮಾತ್ರ ಇಲ್ಲ. 2011ರಲ್ಲಿ ರೀವ್ ಮತ್ತು ತ್ಸೆಂಗ್ ಎಂಬ ಸಂಶೋಧಕರು ತೈವಾನಿನ ಪ್ರೌಢಶಾಲಾ ಮಕ್ಕಳ ಮೇಲೆ ಇದಕ್ಕೆ ಹತ್ತಿರದ ಐದು ವಾಕ್ಯಗಳ ಚಿಕ್ಕ ಅಳತೆಗೋಲನ್ನು ಪ್ರಯೋಗಿಸಿದರು. ಪ್ರಶ್ನೆ ಕೇಳುತ್ತೇನೆ, ಇಷ್ಟಾನಿಷ್ಟ ಹೇಳುತ್ತೇನೆ, ಆಸಕ್ತಿ ಏನೆಂದು ಅಧ್ಯಾಪಕರಿಗೆ ತಿಳಿಸುತ್ತೇನೆ, ಸಲಹೆ ಕೊಡುತ್ತೇನೆ, ಹೀಗೆ. ಐದೂ ಅಧ್ಯಾಪಕರ ಎದುರು ಬಾಯಿ ತೆರೆಯುವ ಕೆಲಸಗಳೇ. ತರಗತಿಯ ಭಾಷೆ ತನ್ನದಲ್ಲದ ವಿದ್ಯಾರ್ಥಿ ಇಲ್ಲಿ ಸೋಲಲೇಬೇಕು. ನಮ್ಮಲ್ಲಿ ಮರಾಠಿ ಮತ್ತು ಇಂಗ್ಲಿಷ್ ನಡುವೆ ಕುಳಿತ ಕನ್ನಡದ ಹುಡುಗರನ್ನು ನಾನು ದಿನವೂ ನೋಡುತ್ತೇನೆ.

ಒಂದು ಎಚ್ಚರಿಕೆ. ಕನ್ನಡದ ಮಕ್ಕಳ ಸರಾಸರಿಯನ್ನು ಮಲಯಾಳದ ಮಕ್ಕಳ ಸರಾಸರಿಯೊಂದಿಗೆ ದಯವಿಟ್ಟು ಈಗಲೇ ಹೋಲಿಸಬೇಡಿ. ಎರಡು ಗುಂಪುಗಳೂ ಒಂದೇ ವಾಕ್ಯವನ್ನು ಒಂದೇ ಅರ್ಥದಲ್ಲಿ ಓದುತ್ತವೆ ಎಂದು ತೋರಿಸದೆ ಆ ಹೋಲಿಕೆಗೆ ಬೆಲೆ ಇಲ್ಲ, ಅದನ್ನು ತೋರಿಸಲು ಹತ್ತೊಂಬತ್ತು ಮಂದಿ ಸಾಲದು, ನೂರಾರು ಮಂದಿ ಬೇಕು. ಅಳತೆಗೋಲಿನ ಒಳಹೊಂದಾಣಿಕೆ ತೋರಿಸುವ ಸಂಖ್ಯೆಯಾದ ಕ್ರೋನ್‌ಬಾಕ್ ಆಲ್ಫಾ 0.8ರಷ್ಟು ಚೆನ್ನಾಗಿ ಬಂತೆಂದು ನೆಮ್ಮದಿಯಿಂದ ಕೂರುವಂತೆಯೂ ಇಲ್ಲ. ವಾಕ್ಯಗಳು ಒಂದಕ್ಕೊಂದು ಹೊಂದಿಕೊಂಡಿವೆ ಎಂದಷ್ಟೇ ಅದು ಹೇಳುತ್ತದೆ. ಎಲ್ಲವೂ ಸೇರಿ ಮಾತುಗಾರಿಕೆಯನ್ನೇ ಅಳೆಯುತ್ತಿದ್ದರೂ ಆಲ್ಫಾ ಚೆನ್ನಾಗಿಯೇ ಬರುತ್ತದೆ. ಹತ್ತೊಂಬತ್ತು ಮಂದಿಯಿಂದ ಬೇರೊಂದು ಕೆಲಸ ಆಗುತ್ತದೆ: ಒಬ್ಬೊಬ್ಬರನ್ನೇ ಕೂರಿಸಿ, ಪ್ರತಿ ವಾಕ್ಯ ಓದಿದಾಗ ಮನಸ್ಸಿಗೆ ಏನು ಬಂತೆಂದು ಗಟ್ಟಿಯಾಗಿ ಹೇಳಿಸಿ, ಬರೆದುಕೊಳ್ಳಿ.

ಉತ್ತರ: ಬದಿಯಡ್ಕದ ಪದವಿ ವಿದ್ಯಾರ್ಥಿನಿ

ಟೀಚರ್, ನಮ್ಮ ಕಾಲೇಜಿನಲ್ಲೂ ಹೀಗೊಂದು ಕಾಗದ ಕೊಟ್ಟಿದ್ದರು. ಮೇಲ್ಗಡೆ ಹೆಸರು ಬರೆಯುವ ಜಾಗ ಇತ್ತು, ಕೊಟ್ಟವರು ಎದುರಿಗೇ ನಿಂತಿದ್ದರು. ‘ಅಧ್ಯಾಪಕರು ನನ್ನನ್ನು ಸಮಾನವಾಗಿ ಕಾಣುತ್ತಾರೆ’ ಎಂಬುದಕ್ಕೆ ಐದಕ್ಕಿಂತ ಕಡಿಮೆ ಹಾಕಲು ನನಗೆ ಧೈರ್ಯ ಬರಲಿಲ್ಲ.

ಆಯ್ಕೆಯ ಪ್ರಶ್ನೆಯೂ ಕಷ್ಟವಾಯಿತು. 2024ರಲ್ಲಿ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಬಂದಾಗ ಬೇಕಾದ ವಿಷಯ ಆರಿಸಿಕೊಳ್ಳಬಹುದು ಎಂದರು. ನಾನು ಕೇಳಿದ ವಿಷಯಕ್ಕೆ ಕಾಲೇಜಿನಲ್ಲಿ ಅಧ್ಯಾಪಕರಿರಲಿಲ್ಲ. ಇದ್ದ ಎರಡರಲ್ಲಿ ಒಂದನ್ನು ಹಿಡಿದೆ, ಅದೂ ಸಂಜೆಯ ಕೊನೆಯ ಬಸ್ ತಪ್ಪಬಾರದೆಂದು. ಇದಕ್ಕೆ ‘ಆಯ್ಕೆ ಇತ್ತು’ ಎಂದು ಬರೆಯಬೇಕೋ, ‘ಇರಲಿಲ್ಲ’ ಎಂದೋ? ನಡುವಿನ ಮೂರಕ್ಕೆ ಗುರುತು ಹಾಕಿ ಕೊಟ್ಟೆ.

ಪ್ರಶ್ನೆ ಕೇಳಿದವರಿಂದ

ಬದಿಯಡ್ಕದ ತಂಗಿಗೆ ಮೊದಲು ಕೃತಜ್ಞತೆ. ನನ್ನ ಕಾಗದದಲ್ಲೂ ಹೆಸರಿನ ಜಾಗ ಇತ್ತು, ನಾನೂ ಎದುರಿಗೇ ನಿಂತಿದ್ದೆ. ಆ ಉತ್ತರಗಳನ್ನು ಬದಿಗಿಟ್ಟಿದ್ದೇನೆ. ನಿಮ್ಮ ‘ಮೂರು’ ಏನೆಂದು ತಿಳಿದ ಮೇಲೆ, ಆಯ್ಕೆಯ ಪ್ರಶ್ನೆಯ ಕೆಳಗೆ ‘ಏಕೆ ಇದನ್ನೇ ಆರಿಸಿದಿರಿ?’ ಎಂದು ಎರಡು ಸಾಲು ಬರೆಯಲು ಜಾಗ ಬಿಡುತ್ತಿದ್ದೇನೆ.

ಅಕ್ಕಲಕೋಟೆಯ ಸರ್ ಹೇಳಿದ ಹಾಗೆ ನಿನ್ನೆ ಮುಳ್ಳೇರಿಯದ ಹುಡುಗಿಯ ಜೊತೆ ಕುಳಿತೆ. ‘ಸಹಪಾಠಿಗಳಿಗೆ ನೆರವಾಗುತ್ತೇನೆ’ ಎಂಬ ವಾಕ್ಯಕ್ಕೂ ಅವಳು ಎರಡನ್ನೇ ಕೊಟ್ಟಿದ್ದಳು. ಏಕೆಂದು ಕೇಳಿದೆ. “ಅದು ಕ್ಲಾಸಿನಲ್ಲಿ ಮಾಡುವುದಲ್ಲವಲ್ಲ ಟೀಚರ್, ಮನೆಯಲ್ಲಿ ಮಾಡುವುದು” ಎಂದಳು. ಈ ಮಾತಿಗಾಗಿ ಇಡೀ ಪ್ರಶ್ನಾವಳಿಯನ್ನು ಮತ್ತೆ ಬರೆಯಲು ನಾನು ಸಿದ್ಧಳಿದ್ದೇನೆ.

ಮಾಷ್ಟ್ರೇ, ಹೊಸದಾಗಿ ಸೇರಿಸಿದ ವಾಕ್ಯವೊಂದನ್ನು ನೋಡಿಕೊಡಿ: ‘ಪಾಠ ಅರ್ಥವಾಗದಿದ್ದಾಗ, ತರಗತಿಯ ಒಳಗಾಗಲಿ ಹೊರಗಾಗಲಿ, ನಾನೇ ಒಂದು ದಾರಿ ಹುಡುಕಿಕೊಳ್ಳುತ್ತೇನೆ.’ ಇದರಲ್ಲಿ ‘ನಾನೇ’ ಎಂಬುದು ಮಕ್ಕಳ ಕಿವಿಗೆ ಜಂಬವಾಗಿ ಕೇಳುತ್ತದೆಯೇ? ಬರೀ ‘ನಾನು’ ಸಾಕೇ?