ಜಿಪ್ಸಿ ತಗೊಂಡು ತಿಂಗಳಾಗಿಲ್ಲ, ತಿರುವಿನಲ್ಲಿ ಹಿಡಿದುಕೊಳ್ತಿದೆ. ಯಾರಾದ್ರೂ ಹೇಳಿ

ತೋಟದಮನೆ (ಮೂಡಿಗೆರೆ)
ತಲೆ ಕೆಟ್ಟುಹೋಗಿದೆ ಮಾರಾಯ್ರೆ. ತೋಟಕ್ಕೂ ಆಗ್ಬೇಕು, ಮಕ್ಕಳನ್ನ ಸ್ಕೂಲಿಗೆ ಬಿಡೋಕೂ ಆಗ್ಬೇಕು ಅಂತ ಸೆಕೆಂಡ್ ಹ್ಯಾಂಡ್ ಮಾರುತಿ ಜಿಪ್ಸಿ ಕಿಂಗ್ ಜೀಪು ತಗೊಂಡೆ, 2012ರದ್ದು. ತಿರುವಿನಲ್ಲಿ ಸ್ಟೇರಿಂಗ್ ಕಲ್ಲಾಗುತ್ತೆ. ಹಿಂದಿನಿಂದ ಯಾರೋ ಹಗ್ಗ ಹಾಕಿ ಹಿಡಿದ ಹಾಗೆ ಗಾಡಿ ತಡೆಯುತ್ತೆ, ಆಮೇಲೆ ಕಟಕ್ ಅಂತ ಬಿಟ್ಕೊಳ್ಳುತ್ತೆ. ಸ್ಕೂಲ್ ಗೇಟಿನ ಮುಂದೆ ಯೂ ಟರ್ನ್ ಹೊಡೆದ್ರೆ ಮುಂದಿನ ಚಕ್ರ ಕುಪ್ಪಳಿಸುತ್ತೆ, ಎಲ್ಲರೂ ತಿರುಗಿ ನೋಡ್ತಾರೆ. ಅಲೈನ್‌ಮೆಂಟ್ ಎರಡು ಸಲ ಆಯ್ತು, ವೀಲ್ ಬೇರಿಂಗ್ ಹೊಸದು. 6,800 ರೂಪಾಯಿ ನೀರಿಗೆ ಹಾಕಿದ ಹಾಗಾಯ್ತು. ಮೆಕ್ಯಾನಿಕ್ ಕೇಳಿದ್ರೆ "ಹಳೇ ಗಾಡಿ ಹೀಗೇ" ಅಂತಾನೆ. ಹೌದಾ? ಹೀಗೇನಾ?

ಕಿಂಗ್‌ಪಿನ್ ರಾಯರು
ಕಿಂಗ್‌ಪಿನ್ ಬೇರಿಂಗ್, ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗೋ ಕೀಲಿನದ್ದು. ಕಣ್ಣು ಮುಚ್ಚಿ ಹೇಳ್ತೀನಿ. ಮುಂದೆ ಜಾಕ್ ಕೊಟ್ಟು ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಆಟ, ಅಂದ್ರೆ ಸಡಿಲ, ಇದ್ರೆ ಅದೇ. ಮಣ್ಣು, ನೀರಲ್ಲಿ ಓಡಿದ ಗಾಡಿಗೆ ಸೀಲ್ ಹೋಗಿ ಗ್ರೀಸ್ ಎಲ್ಲ ಗಂಜಿಯಾಗಿರುತ್ತೆ.

ತೋಟದಮನೆ
ನೋಡಿದೆ ಸರ್. ಸ್ವಲ್ಪ ಆಟ ಇದೆಯೋ ಇಲ್ವೋ ಗೊತ್ತಾಗ್ಲಿಲ್ಲ. ತೋಟದ ಒಳಗೆ ಮಾತ್ರ ಬೆಣ್ಣೆ ಹಾಗೆ ಹೋಗುತ್ತೆ, ಟಾರಿಗೆ ಬಂದ ಮೇಲೆ ಈ ಕಾಟ.

ಕಿಂಗ್‌ಪಿನ್ ರಾಯರು
ಸ್ವಲ್ಪ ಆಟ ಇದ್ರೂ ಸಾಕು. ಎರಡೂ ಕಡೆ ಬಿಚ್ಚಿಸಿ, ಶಿಮ್ (ಸಂದಿಗೆ ಹಾಕೋ ತೆಳು ತಗಡು) ಸರಿಯಾಗಿ ಕೂರಿಸಿ. ನನ್ನ ಗಾಡೀಲಿ ಇದೇ ಆಗಿತ್ತು.

ಧಾರವಾಡ ಡೀಸೆಲ್
ರಾಯರ, ನಿಮಗ ಎಲ್ಲಾ ರೋಗಕ್ಕೂ ಕಿಂಗ್‌ಪಿನ್ನೇ ಔಷಧ ಐತಿ. ಹೋದ ಸಲ ಯಾರದೋ ಬ್ರೇಕ್ ಹಿಡಿವಲ್ದು ಅಂದಾಗೂ ಇದನ್ನ ಹೇಳಿದ್ರಿ. ತೋಟದಮನೆಯವ್ರ, ಜಿಪ್ಸಿ ತಗೊಳ್ಳೋ ಬದಲಿ ಒಂದು ಮಹೀಂದ್ರಾ ಎಂಎಂ 540 ಜೀಪ್ ತಗೋಬೇಕಿತ್ತು ನೋಡ್ರಿ. 2.1 ಲೀಟರ್ ಪೆಜೋ ಡೀಸೆಲ್ ಇಂಜಿನ್, ಹಳ್ಳಿ ಮಿಸ್ತ್ರಿ ಸುತ್ತಿಗಿ ಹಿಡ್ಕೊಂಡು ರಿಪೇರಿ ಮಾಡ್ತಾನ. ನಮ್ಮದು ಇವತ್ತಿಗೂ ಜೋಳದ ಚೀಲ ಹೊರತೈತಿ.

ಬೆಂಗ್ಳೂರ್ ಥಾರ್
ಗುರು, 540ರಲ್ಲಿ ಮಕ್ಕಳನ್ನ ಸ್ಕೂಲಿಗೆ ಬಿಟ್ರೆ ಬೆನ್ನುಮೂಳೆ ಯಾರು ರಿಪೇರಿ ಮಾಡ್ತಾರೆ? ನಾನು ಹಳೇ ಮಹೀಂದ್ರಾ ಥಾರ್ ಸಿಆರ್‌ಡಿಇ ಡೀಸೆಲ್ ಇಟ್ಕೊಂಡಿದೀನಿ, 105 ಎಚ್‌ಪಿ. ಎರಡು ಇಂಚು ಲಿಫ್ಟ್, ಸಿಕ್ಕಿಬಿದ್ದ ಗಾಡಿ ಎಳೆಯೋ ವಿಂಚ್, ಮುಂದೆ ಸ್ಟೀಲ್ ಬಂಪರ್...

ಧಾರವಾಡ ಡೀಸೆಲ್
ಬಂಪರಿಗೆ ಪೊಲೀಸ್ರು ಏನೂ ಅನ್ನಂಗಿಲ್ಲೇನು? ಮುಂದ ಕಬ್ಬಿಣದ ಗಾರ್ಡು, ಬುಲ್ ಬಾರ್, ಹಾಕಬ್ಯಾಡ್ರಿ ಅಂತ 2017ರಾಗನ ಕೇಂದ್ರದವ್ರು ಸುತ್ತೋಲಿ ಕಳಿಸ್ಯಾರ.

ಬೆಂಗ್ಳೂರ್ ಥಾರ್
ಬುಲ್ ಬಾರ್ ಅಲ್ಲ ಗುರು, ಬಂಪರ್. ಬೇರೆ ಬೇರೆ.

ಧಾರವಾಡ ಡೀಸೆಲ್
ಅದನ್ನ ಟೋಲ್ ಹತ್ರ ನಿಂತ ಸಾಹೇಬ್ರಿಗೆ ಹೇಳ್ರಿ.

ಲೋ ರೇಂಜ್ (ಸಕಲೇಶಪುರ)
ಬಂಪರ್ ಜಗಳ ಆಮೇಲೆ ಆಡಿ. ತೋಟದಮನೆ ಅವ್ರೇ, ನೀವು ಮೇಲೆ ಒಂದು ಮಾತು ಹೇಳಿದ್ರಿ, ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ. ಮಣ್ಣಲ್ಲಿ ಬೆಣ್ಣೆ, ಟಾರಲ್ಲಿ ಕಾಟ. ಬೇರಿಂಗ್ ಹೋಗಿದ್ರೆ ಎರಡೂ ಕಡೆ ಕಾಟ ಕೊಡಬೇಕಲ್ವಾ? ಗೇರ್ ಲಿವರ್ ಪಕ್ಕದ ಚಿಕ್ಕ ಲಿವರ್ ಎಲ್ಲಿದೆ? 2ಎಚ್ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ)? 4ಎಚ್ (ನಾಲ್ಕಕ್ಕೂ)? ಚಕ್ರದ ಹಬ್ ಲಾಕ್ ಆಗಿದೆಯಾ, ಫ್ರೀ ಇದೆಯಾ?

ತೋಟದಮನೆ
4ಎಚ್. ಯಾವಾಗ್ಲೂ 4ಎಚ್‌ನಲ್ಲೇ ಇರುತ್ತೆ. ಮಾರಿದವರೇ ಹೇಳಿದ್ದು, ಮಳೆಗಾಲ ಮುಗಿಯೋವರೆಗೂ ಫೋರ್ ವೀಲ್ ಹಾಕಿಯೇ ಓಡಿಸಿ, ಚಾರ್ಮಾಡಿ ಕಡೆ ಜಾರಲ್ಲ ಅಂತ. ಹಬ್ ಅಂದ್ರೆ ವೀಲ್ ಕ್ಯಾಪಾ? ಅಲ್ಲಿ ಚಪ್ಪಟೆ ತಟ್ಟೆ ಇದೆ, ತಿರುಗಿಸೋಕೆ ಏನೂ ಇಲ್ಲ.

ಲೋ ರೇಂಜ್
ಅಯ್ಯೋ! ಇದನ್ನ ಮೊದಲನೇ ಸಾಲಲ್ಲೇ ಬರೀಬಾರದಿತ್ತಾ! ಮಾರಿದವರು ಒಳ್ಳೇ ಮನಸ್ಸಿಂದಲೇ ಹೇಳಿರಬಹುದು, ಆದ್ರೆ ತಪ್ಪು. ಮುಂದಿನ, ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಮಧ್ಯದ ಡಿಫರೆನ್ಷಿಯಲ್ ಜಿಪ್ಸಿಯಲ್ಲಿ ಇಲ್ಲ. 4ಎಚ್ ಹಾಕಿದ್ರೆ ಮುಂದಿನ ಶಾಫ್ಟು, ಹಿಂದಿನ ಶಾಫ್ಟು ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ. ತಿರುವಿನಲ್ಲಿ ಮುಂದಿನ ಚಕ್ರ ದೊಡ್ಡ ಸುತ್ತು ಹಾಕುತ್ತೆ, ಹಿಂದಿನದು ಒಳಗಿಂದ ಕತ್ತರಿಸಿ ಬರುತ್ತೆ. ಮಣ್ಣಲ್ಲಿ ಟೈರು ಜಾರಿ ಲೆಕ್ಕ ಸರಿ ಮಾಡ್ಕೊಳ್ಳುತ್ತೆ. ಟಾರಲ್ಲಿ ಜಾರೋಕೆ ಜಾಗ ಇಲ್ಲ. ಆ ತಿರುಚು ಶಾಫ್ಟು, ಕ್ರಾಸು (ಶಾಫ್ಟಿನ ಕೀಲು), ಗೇರು ಎಲ್ಲದರ ಮೇಲೂ ಕೂರುತ್ತೆ, ತಡೀಲಾರದೆ ಟೈರು ಹಾರುತ್ತೆ. ಆ ಕಟಕ್ ಅದೇ. ನಿಮ್ಮ ತಟ್ಟೆ ಫಿಕ್ಸೆಡ್ ಫ್ಲೇಂಜ್, ತಿರುಗಿಸಿ ಬಿಡಿಸೋ ಹಬ್ ಅಲ್ಲ, ಅಂದ್ರೆ ಮುಂದಿನ ಚಕ್ರ ಸದಾ ಆಕ್ಸಲ್‌ಗೆ ಕಚ್ಕೊಂಡೇ ಇರುತ್ತೆ. 2ಎಚ್‌ಗೆ ಹಾಕಿ.

ಡಸ್ಟರ್ ಕೊಡಗು
ಸುಮ್ನೆ ಹೆದರಿಸ್ತೀರಾ. ನಂದು ರೆನೋ ಡಸ್ಟರ್ ಎಡಬ್ಲ್ಯೂಡಿ, ಆಲ್ ವೀಲ್ ಡ್ರೈವ್. ಐದು ವರ್ಷದಿಂದ ನಾಲ್ಕೂ ಚಕ್ರದ ಮೇಲೆ ಟಾರಲ್ಲೇ ಓಡಿಸ್ತಿದೀನಿ, ಒಂದು ದಿನ ಹಿಡಿದಿಲ್ಲ.

ಲೋ ರೇಂಜ್
ನಿಮ್ಮದರಲ್ಲಿ ಆಟೋ ಅಂತ ಇಟ್ಟಾಗ ಕ್ಲಚ್ ಥರದ ಕಪ್ಲಿಂಗ್ ಕೆಲಸ ಮಾಡುತ್ತೆ. ಮುಂದಿನ ಚಕ್ರ ಜಾರಿದಾಗ ಹಿಂದಕ್ಕೆ ಶಕ್ತಿ ಕಳಿಸುತ್ತೆ, ಬಿಗಿದು ಕಟ್ಟಲ್ಲ. ಜಿಪ್ಸಿ, ಥಾರ್, ಜಿಮ್ನಿ ಬೇರೆ ಜಾತಿ. ಎರಡನ್ನೂ ಹೋಲಿಸಬೇಡಿ.

ಡಸ್ಟರ್ ಕೊಡಗು
ಜಾತಿ ಗೀತಿ ಯಾಕೆ ಇಲ್ಲಿ.

ತೋಟದಮನೆ
ಲಿವರ್ ಬರ್ತಿಲ್ಲ ಸರ್! ಎರಡೂ ಕೈಲಿ ಎಳೆದೆ. ಮುರಿದ್ರೆ ಕಥೆ ಮುಗೀತು ಅಂತ ಬಿಟ್ಟೆ. ಡ್ಯಾಶ್‌ನಲ್ಲಿ ಫೋರ್ ವೀಲ್ ದೀಪನೂ ಉರಿಯಲ್ಲ, ಬಲ್ಬ್ ಹೋಗಿದೆ ಅನ್ಸುತ್ತೆ.

ಲೋ ರೇಂಜ್
ಎಳೀಬೇಡಿ. ತಿರುಚು ಒಳಗೇ ಕೂತಿದೆ. ಸ್ಟೇರಿಂಗ್ ನೇರ ಇಟ್ಟು ರಿವರ್ಸ್‌ನಲ್ಲಿ ಇಪ್ಪತ್ತು ಮೂವತ್ತು ಅಡಿ ಹೋಗಿ, ಕ್ಲಚ್ ಒತ್ತಿ, ಲಿವರ್ ಮೆಲ್ಲಗೆ ತಳ್ಳಿ. ಆಗ್ಲಿಲ್ಲ ಅಂದ್ರೆ ತೋಟದ ಮಣ್ಣಿಗೆ ಇಳಿಸಿ ಅಲ್ಲಿ ಮಾಡಿ.

ಇನ್ನೊಂದು. ನಾಲ್ಕೂ ಟೈರಿನ ಮೇಲೆ ಏನು ನಂಬರ್ ಬರೆದಿದೆ, ಓದಿ ಹಾಕಿ.

ಕಿಂಗ್‌ಪಿನ್ ರಾಯರು
ರಿವರ್ಸ್ ಹೋಗ್ಲಿ, ಬೇಡ ಅನ್ನಲ್ಲ. ಆದ್ರೆ ಕಿಂಗ್‌ಪಿನ್ ಬಿಚ್ಚಿ ನೋಡದೆ ಯಾವ ತೀರ್ಮಾನಕ್ಕೂ ಬರಬೇಡಿ.

ತೋಟದಮನೆ
ಟಪ್ ಅಂತ ಬಂತು!! ಗಾಡಿ ಉಸಿರು ಬಿಟ್ಟ ಹಾಗೆ ಒಂದು ಸಲ ಕುಲುಕಿತು. ಯೂ ಟರ್ನ್ ಹೊಡೆದೆ, ಒಂದು ಕೈಯಲ್ಲಿ... ಅಲ್ಲ, ಪವರ್ ಸ್ಟೇರಿಂಗ್ ಇಲ್ಲವಲ್ಲ, ಎರಡು ಕೈಯಲ್ಲೇ, ಆದ್ರೂ ಸಲೀಸು.
ಟೈರು: ಮುಂದೆ 205/70 ಆರ್ 15, ಹಿಂದೆ 215/75 ಆರ್ 15. ಹಿಂದೆ ಎತ್ತರ ಇದ್ರೆ ಲೋಡಿಗೆ ಒಳ್ಳೇದಂತೆ, ಮಾರಿದವರು ಹೇಳಿದ್ರು.

ಲೋ ರೇಂಜ್
ಅಂದುಕೊಂಡೆ. ಲೆಕ್ಕ ಹಾಕಿ: ಮುಂದಿನ ಟೈರಿನ ವ್ಯಾಸ ಸುಮಾರು 668 ಮಿ.ಮೀ., ಹಿಂದಿನದು 703. ಒಂದು ಕಿಲೋಮೀಟರಿಗೆ ಮುಂದಿನದು ಸುಮಾರು 24 ಸುತ್ತು ಜಾಸ್ತಿ ಹಾಕಬೇಕು. 4ಎಚ್‌ನಲ್ಲಿ ಹಾಕೋಕೆ ಬಿಡಲ್ಲ. ಅಂದ್ರೆ ತಿರುವು ಬಿಡಿ, ನೆಟ್ಟಗಿನ ರೋಡಲ್ಲೂ ಕಿತ್ತಾಟ ನಡೀತಾನೇ ಇತ್ತು. ಮೈಲೇಜ್ ಎಷ್ಟು ಬರ್ತಿತ್ತು?

ತೋಟದಮನೆ
ಎಂಟು. ಜಿಪ್ಸಿ ಅಂದ್ರೆ ಅಷ್ಟೇ ಅಂದುಕೊಂಡಿದ್ದೆ.

ಬೆಂಗ್ಳೂರ್ ಥಾರ್
ಸೆಕೆಂಡ್ ಹ್ಯಾಂಡ್ 4x4 ನೋಡೋಕೆ ಹೋದಾಗ ನಾನು ಮೊದಲು ಮಾಡೋದು ಇದೇ. ನಾಲ್ಕು ಟೈರ್ ನಂಬರ್ ಓದೋದು, ಆಮೇಲೆ ಮಣ್ಣಲ್ಲಿ 4ಎಚ್, 4ಎಲ್ (ನಿಧಾನಕ್ಕೆ, ಜಾಸ್ತಿ ಎಳೆಯೋ ಗೇರು) ಎರಡೂ ಹಾಕಿ ತೆಗೆಯೋದು. ಎಂಜಿನ್ ಸೌಂಡ್ ಕೇಳಿ ಮರುಳಾಗೋರೇ ಜಾಸ್ತಿ. ಅಂದ ಹಾಗೆ ನನ್ನ ವಿಂಚ್ ಫೋಟೋ ಯಾರಿಗಾದ್ರೂ ಬೇಕಾ?

ಧಾರವಾಡ ಡೀಸೆಲ್
ಬ್ಯಾಡ. ತೋಟದಮನೆಯವ್ರ, 2012ರ ಗಾಡಿ ಅಂದ್ರ 2027ಕ್ಕ 15 ವರ್ಷ ಆಗ್ತೈತಿ. ಎಫ್‌ಸಿ, ಹಸಿರು ತೆರಿಗಿ, ಮತ್ತ ನೋಂದಣಿ ನವೀಕರಣದ ಫೀ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಗೈತಿ. ರೇಟ್ ಮಾತಾಡುವಾಗ ಇದನ್ನ ಕಳದ್ರೋ ಇಲ್ಲೋ?

ತೋಟದಮನೆ
ಕಳೆದಿಲ್ಲ. ಅದನ್ನ ಈಗ ಮನೇಲಿ ಹೇಳಬೇಡಿ ಅಷ್ಟೆ.

ಲೋ ರೇಂಜ್
ನಾಲ್ಕೂ ಒಂದೇ ಅಳತೆ, ಆದಷ್ಟೂ ಒಂದೇ ಸವೆತ. ಸ್ಟೆಪ್ನಿನೂ ಅದೇ. ಕೆಸರು, ಸಡಿಲ ಜಲ್ಲಿ, ಒದ್ದೆ ಏರಿನ ಮಣ್ಣಿನ ದಾರಿಗೆ ಮಾತ್ರ 4ಎಚ್. 4ಎಲ್ ನಿಂತೇ ಹಾಕಬೇಕು. ಮಳೆಗೆ ನೆನೆದ ಟಾರು ಟಾರೇ, ಅಲ್ಲಿ 2ಎಚ್ ಸಾಕು, ನಿಧಾನ ಹೋಗಿ. ತಿಂಗಳಿಡೀ ತಿರುಚಿದ್ದಕ್ಕೆ ಟ್ರಾನ್ಸ್‌ಫರ್ ಕೇಸ್ (ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚೋ ಗೇರ್ ಪೆಟ್ಟಿಗೆ) ಆಯಿಲ್ ಇಳಿಸಿ ನೋಡಿ, ಲೋಹದ ಚೂರು ಬಂದಿದ್ರೆ ಹೇಳಿ. ಕ್ರಾಸ್‌ಗಳಿಗೆ ಗ್ರೀಸ್ ಹೊಡೆಸಿ.

ತೋಟದಮನೆ (ವಾರ ಬಿಟ್ಟು)
ಹಿಂದಕ್ಕೂ 205 ಹಾಕಿಸಿದೆ. ಆಯಿಲ್ ಕಪ್ಪಗಿತ್ತು, ಚೂರು ಇರ್ಲಿಲ್ಲ. ಹಿಡಿದುಕೊಳ್ಳೋದು ಪೂರ್ತಿ ಹೋಯ್ತು. ಲೋ ರೇಂಜ್ ಸರ್, ಈ ಕಡೆ ಬಂದ್ರೆ ಕಾಫಿ ನಮ್ಮನೇದು. ಒಂದು ಸಣ್ಣ ವಿಷಯ ಉಳಿದಿದೆ. 60 ದಾಟಿ ಗುಂಡಿಗೆ ಬಿದ್ರೆ ಸ್ಟೇರಿಂಗ್ ಗಡಗಡ ಅಂತ ನಡುಗುತ್ತೆ, ಸ್ಪೀಡ್ ಇಳಿಸಿದ್ರೆ ನಿಲ್ಲುತ್ತೆ. ಇದೇನು?

ಕಿಂಗ್‌ಪಿನ್ ರಾಯರು
ಹಹ್ಹಾ. ಯಾರಾದ್ರೂ ನನ್ನ ಮೊದಲನೇ ಉತ್ತರ ಮತ್ತೊಮ್ಮೆ ಓದ್ತೀರಾ?

ಧಾರವಾಡ ಡೀಸೆಲ್
ಈ ಸಲ ಖರೇನ ಇರಬಹುದು ನೋಡ್ರಿ.

ಲೋ ರೇಂಜ್
ಇರಬಹುದು. ಮೊದಲು ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ, ಟೈ ರಾಡ್ (ಸ್ಟೇರಿಂಗ್‌ನಿಂದ ಚಕ್ರ ತಿರುಗಿಸೋ ಕಂಬಿ) ತುದಿ ನೋಡಿ. ಆಮೇಲೆ ರಾಯರ ದಾರಿ.

ಹೊಸಬ (ಕೊಪ್ಪ)
ತೋಟದಮನೆ ಅಣ್ಣ, ಬಿಚ್ಚಿದ ಆ ಎರಡು 215 ಟೈರು ಕೊಡೋದಿದ್ಯಾ? ನಂದೂ ಜಿಪ್ಸಿ, ಹಿಂದಕ್ಕೆ ಮಾತ್ರ ಎರಡು ಬೇಕಿತ್ತು.