ಅಡಿಗೆಮನೆ ಕಪಾಟಿಗೆ ಮೂರು ಕೊಟೇಶನ್, ಒಂದಕ್ಕೊಂದು ತಾಳೆ ಇಲ್ಲ. ಸರಿಯಾದ ರೇಟ್ ಯಾವುದು?

ನೀರ್ಚಾಲು_ಹೊಸಮನೆ

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ ಮನೆ ಕಟ್ಟಿಸ್ತಾ ಇದ್ದೇವೆ. ಮುರಕಲ್ಲಿನ ಗೋಡೆ, ಸಾರಣೆ ಮುಗಿದಿದೆ, ಟೈಲ್ಸ್ ಕೆಲಸ ನಡೀತಾ ಉಂಟು. ಈಗ ಅಡಿಗೆಮನೆಯ ಕಪಾಟುಗಳ ವಿಷಯಕ್ಕೆ ಬಂದು ನಿಂತಿದ್ದೇವೆ. ಎಲ್ ಆಕಾರ, ಒಂದು ಗೋಡೆ 10 ಅಡಿ, ಇನ್ನೊಂದು 8 ಅಡಿ. 8 ಅಡಿಯ ಗೋಡೆಯಲ್ಲಿ ಸಿಂಕಿನ ಮೇಲೆ 4 ಅಡಿ ಅಗಲದ ಕಿಟಿಕಿ. ಕಟ್ಟಿಗೆ ಒಲೆ ಹಿಂದಿನ ವರ್ಕ್ ಏರಿಯಾದಲ್ಲಿ, ಅದು ಈ ಲೆಕ್ಕಕ್ಕೆ ಬರುವುದಿಲ್ಲ.

ಮೂರು ಕಡೆ ಕೇಳಿದೆ. ಮಂಗಳೂರಿನ ಒಂದು ಶೋರೂಮಿನವರು ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ತೋರಿಸಿ 4,20,000 ಅಂದರು. ಈ ತಿಂಗಳೊಳಗೆ ಬುಕ್ ಮಾಡಿದರೆ ನೂರಕ್ಕೆ 30 ಬಿಟ್ಟು 2,94,000, ಜಿಎಸ್‌ಟಿ ಬೇರೆ. ಕಾಸರಗೋಡು ಪೇಟೆಯ ಒಂದು ಅಂಗಡಿಯವರು ಚದರಡಿಗೆ 1,650ರಂತೆ 81 ಚದರಡಿ, ಒಟ್ಟು 1,33,650 ಅಂತ ಬರೆದುಕೊಟ್ಟರು. ಕಪಾಟಿನ ಒಳಗಿನ ಸ್ಟೀಲ್ ಬುಟ್ಟಿ, ಡ್ರಾಯರ್ ಅದರಲ್ಲಿ ಇಲ್ಲ. ನಮ್ಮೂರಿನ ಬಡಗಿ ಸಾಮಾನು ಸೇರಿ ಚದರಡಿಗೆ 380 ಅಂತಾರೆ, ಆದರೆ "ಎಲ್ಲ ಹಲಗೆ ಅಳತೆ ಹಿಡಿದು" ಅಂತ ಒಂದು ಮಾತು ಸೇರಿಸ್ತಾರೆ.

380 ಎಲ್ಲಿ, 1,650 ಎಲ್ಲಿ? ಮನೆಯಲ್ಲಿ ಎಲ್ಲರೂ ಬಡಗಿಗೇ ಕೊಡುವ ಅಂತಿದ್ದಾರೆ. ತಿಳಿದವರು ದಯವಿಟ್ಟು ಹೇಳಿ. ಅಡಿಕೆ ಮಾರಿದ ದುಡ್ಡು, ನೀರಿಗೆ ಹಾಕಿದ ಹಾಗೆ ಆಗಬಾರದು.

ಮುಳ್ಳೇರಿಯ_ಮರಗೆಲಸ

ನಾನು ಇದೇ ಕೆಲಸದಲ್ಲಿ ಇರುವವ. ನಿಮ್ಮ ಬಡಗಿ ಮೋಸ ಮಾಡ್ತಾ ಇಲ್ಲ, ಪೇಟೆಯವರೂ ಅಲ್ಲ. ಇಬ್ಬರು ಅಳೆಯುವುದು ಬೇರೆ ಬೇರೆ ವಸ್ತುವನ್ನು. ಇದು ಗೊತ್ತಾಗದೆ ರೇಟ್ ಮಾತ್ರ ಹೋಲಿಸುವುದು ನಮ್ಮ ಕಡೆ ಪ್ರತಿ ಮನೆಯಲ್ಲೂ ನೋಡ್ತೇನೆ, ಬೇಸರ ಆಗ್ತದೆ.

ಒಂದು ಕೆಳಗಿನ ಕಪಾಟು ತೆಗೆದುಕೊಳ್ಳಿ. 3 ಅಡಿ ಅಗಲ, ಎರಡೂವರೆ ಅಡಿ ಎತ್ತರ, 2 ಅಡಿ ಆಳ. ಪೇಟೆಯವರು ಎದುರಿನಿಂದ ಕಾಣುವ ಜಾಗ ಮಾತ್ರ ಅಳೆಯುತ್ತಾರೆ. ಅದು ಏಳೂವರೆ ಚದರಡಿ. 1,650ರಂತೆ 12,375 ರೂಪಾಯಿ. ಬಡಗಿ ಹಲಗೆ ಹಲಗೆಯೂ ಅಳೆಯುತ್ತಾರೆ: ಎರಡು ಬದಿ ಸೇರಿ 10, ಅಡಿಹಲಗೆ 6, ನಡುವಿನ ತಟ್ಟು (ಶೆಲ್ಫ್) 6, ಹಿಂಬದಿ ಏಳೂವರೆ, ಬಾಗಿಲು ಏಳೂವರೆ. ಒಟ್ಟು 37 ಚದರಡಿ. 380ರಂತೆ 14,060. ಅಂದರೆ ನಿಮಗೆ ಅಗ್ಗ ಅಂತ ಕಂಡದ್ದು ಒಂದೇ ಕಪಾಟಿಗೆ 1,685 ರೂಪಾಯಿ ಜಾಸ್ತಿ. ಡ್ರಾಯರ್ ಇಟ್ಟಲ್ಲಿ ಹಲಗೆ ಇನ್ನೂ ಹೆಚ್ಚು ಬೇಕು, ಈ ಅಂತರ ಇನ್ನೂ ಬೆಳೀತದೆ.

ಬಡಗಿಯ ಹತ್ತಿರ ಒಂದು ಮಾತು ಕೇಳಿ. ಹಿಂಬದಿಯ ಹಲಗೆ 6 ಎಂಎಂ ಮಾತ್ರ ಹಾಕುವುದು, ಬದಿಗೆ 18 ಎಂಎಂ. ಎರಡಕ್ಕೂ 380 ಯಾಕೆ? ಸಾಮಾನು ತಿಳಿದ ಬಡಗಿಯಾದರೆ ಹಿಂಬದಿಗೆ ರೇಟ್ ಇಳಿಸ್ತಾರೆ.

ಪೇಟೆಯವರ 81 ಹೇಗೆ ಬಂತು ಅಂತ ನಾನು ಲೆಕ್ಕ ಹಾಕಿದೆ. 10ಕ್ಕೆ 8 ಕೂಡಿಸಿ 18 ಅಡಿ ಉದ್ದ ಹಿಡಿದಿದ್ದಾರೆ. ಕೆಳಗೆ ಎರಡೂವರೆ ಅಡಿ ಎತ್ತರ, 45. ಮೇಲೆ 2 ಅಡಿ ಎತ್ತರ, 36. ಸೇರಿ 81. ಆದರೆ ಮೂಲೆ ಎರಡು ಸಲ ಬಂತಲ್ಲ! ಕೆಳಗಿನ ಕಪಾಟು 2 ಅಡಿ ಆಳ ಇರುವಾಗ ಒಂದು ಗೋಡೆಯ ಮೂಲೆಯ 2 ಅಡಿ ಇನ್ನೊಂದು ಗೋಡೆಯ ಲೆಕ್ಕದಲ್ಲಿ ಆಗಲೇ ಸೇರಿದೆ. ಅಲ್ಲಿಗೆ ಕೆಳಗೆ 16 ಅಡಿ, 40 ಚದರಡಿ. ಮೇಲಿನದ್ದು 1 ಅಡಿ ಆಳ, ಹಾಗಾಗಿ 17 ಅಡಿ, 34 ಚದರಡಿ. ಅದರಲ್ಲಿ ನಿಮ್ಮ ಕಿಟಿಕಿಯ ಎದುರು ಕಪಾಟು ತೂಗಾಡುವುದಿಲ್ಲ, ಅದರ 8 ಚದರಡಿ ಕಳೆಯಿರಿ. ಉಳಿದದ್ದು 66. ವ್ಯತ್ಯಾಸ 15 ಚದರಡಿ, 24,750 ರೂಪಾಯಿ. ಮೂಲೆಯ ಕಪಾಟಿಗೆ ಕೆಲಸ ಜಾಸ್ತಿ ಅಂತ ಅವರು ಹೇಳಬಹುದು, ಅದು ನಿಜವೂ ಹೌದು. ಹಾಗಿದ್ದರೆ ಮೂಲೆಗೆ ಇಷ್ಟು ಅಂತ ಬೇರೆ ಬರೆಯಲಿ. ಕಿಟಿಕಿಗೆ ದುಡ್ಡು ಕೊಡುವ ಅಗತ್ಯ ಯಾರಿಗೂ ಇಲ್ಲ.

ಶೋರೂಮಿನ ನೂರಕ್ಕೆ 30 ರಿಯಾಯಿತಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. 4,20,000 ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಿಲ್ಲ, ಅದರಿಂದ ಎಷ್ಟು ಕಳೆದರೂ ಅರ್ಥ ಇಲ್ಲ. ನೀವು ನಿಜಕ್ಕೂ ಕೊಡುವುದು 2,94,000ಕ್ಕೆ ನೂರಕ್ಕೆ 18 ಜಿಎಸ್‌ಟಿ, ಅಂದರೆ 52,920 ಸೇರಿಸಿ 3,46,920. ಹೋಲಿಸುವುದಾದರೆ ಈ ಸಂಖ್ಯೆಯನ್ನು ಹೋಲಿಸಿ.

ಇನ್ನು ಹಲಗೆ ಯಾವುದು ಅಂತ ಮೂವರಲ್ಲಿ ಒಬ್ಬರಾದರೂ ಬರೆದಿದ್ದಾರಾ? ನೀವು ಹಾಕಿದ್ದರಲ್ಲಿ ಕಾಣಲಿಲ್ಲ. ಅದು ಇಲ್ಲದ ಕೊಟೇಶನ್ ಬರೇ ಕಾಗದ.

ನೀರ್ಚಾಲು_ಹೊಸಮನೆ

ಕಿಟಿಕಿಯ ಲೆಕ್ಕ ನೋಡಿ ನಿಜಕ್ಕೂ ಆಶ್ಚರ್ಯ ಆಯ್ತು. ಪುನಃ ಕಾಗದ ತೆಗೆದು ನೋಡಿದೆ. ಶೋರೂಮಿನವರು "ವಾಟರ್‌ಪ್ರೂಫ್ ಬೋರ್ಡ್" ಅಂತ ಬರೆದಿದ್ದಾರೆ. ಪೇಟೆಯವರದ್ದು "ಮೆರೈನ್ ಪ್ಲೈ". ಬಡಗಿ ಎಂತ ಬೇಕೋ ಅದು ಹಾಕುವ ಅಂತಾರೆ. ಈ ಹೆಸರುಗಳನ್ನು ನಂಬಬಹುದಾ?

ಕುಂಬಳೆ_ಕಡಲಬದಿ

ನಂಬಬೇಡಿ ತಮ್ಮಾ. ನಮ್ಮ ಮನೆಯಿಂದ ಕಡಲಿಗೆ ನಡೆದು ಹೋಗುವಷ್ಟೇ ದೂರ. ಹಿಂದಿನ ಬಾಡಿಗೆ ಮನೆಯಲ್ಲಿ ಮನೆಯವರು ಅಂಗಡಿಯಿಂದ "ವಾಟರ್‌ಪ್ರೂಫ್" ಅಂತಲೇ ತಂದು ಹಾಕಿಸಿದ್ದರು. ಸಿಂಕಿನ ಅಡಿಯ ಕಪಾಟಿನಲ್ಲಿ ಪೈಪಿಗೆ ಅಂತ ಹಲಗೆಯಲ್ಲಿ ದುಂಡಗೆ ತೂತು ಕೊರೆದಿದ್ದರಲ್ಲ, ಆ ತೂತಿನ ಅಂಚು ಹಾಗೇ ಬೋಳು ಇತ್ತು. ಆಟಿ ತಿಂಗಳ ಜೋರು ಮಳೆಯಲ್ಲಿ ಪೈಪಿನ ಮೇಲೆ ಬೆವರಿದ ನೀರು ಇಳಿದು ಮೊದಲು ತೂತಿನ ಸುತ್ತ ಉಬ್ಬಿತು, ಮೇಲಿನ ಹಾಳೆ ಎದ್ದಿತು, ಬೆರಳು ಒತ್ತಿದರೆ ಒಳಗಿನದ್ದು ಮರದ ಹುಡಿಯ ಹಾಗೆ ಉದುರಿತು. ಮತ್ತೆ ಮಳೆ ನಿಲ್ಲುವ ಮೊದಲೇ ಬಾಗಿಲಿನ ಹಿಂಜ್ ಹಿಡಿದ ಸ್ಕ್ರೂ ಕಳಚಿ ಬಂತು. ಅದು ಪಾರ್ಟಿಕಲ್ ಬೋರ್ಡ್. ಒಣ ಊರಿನಲ್ಲಿ ಅದಕ್ಕೂ ಬಾಳಿಕೆ ಉಂಟೋ ಏನೋ, ನಮ್ಮ ಮಳೆಗೆ ಅಲ್ಲ.

ನಮ್ಮ ಈಗಿನ ಮನೆಯಲ್ಲಿ ಕೆಳಗೆ ಕಡಪ ಕಲ್ಲಿನ ಅಡ್ಡಗೋಡೆ, ಕಲ್ಲಿನದ್ದೇ ತಟ್ಟು ಮಾಡಿಸಿ ಬಾಗಿಲು ಮಾತ್ರ ಹಾಕಿಸಿದ್ದೇವೆ. ಒರಲೆಯ ಹೆದರಿಕೆ ಇಲ್ಲ, ನೆಲ ತೊಳೆದರೂ ಚಿಂತೆ ಇಲ್ಲ. ನಿಮ್ಮದು ಟೈಲ್ಸ್ ಹಂತದಲ್ಲಿ ಇರುವುದರಿಂದ ಈಗಲೂ ಮಾಡಬಹುದು. ಹಾಗೆ ಮಾಡಿದರೆ ಬಾಗಿಲಿನ ಅಳತೆಗೆ ಮಾತ್ರ ದುಡ್ಡು. ಆದರೆ ದೊಡ್ಡ ಡ್ರಾಯರ್ ಬೇಕಾದಲ್ಲಿ ಕಲ್ಲು ಒಂದೇ ಅಳತೆಗೆ ನೆಟ್ಟಗೆ ನಿಲ್ಲಬೇಕು, ಅರ್ಧ ಇಂಚು ವಾಲಿದರೂ ರೈಲು ಕೂರುವುದಿಲ್ಲ. ನಾವು ಡ್ರಾಯರ್ ಇಡುವ ಒಂದು ಭಾಗ ಮಾತ್ರ ಪ್ಲೈವುಡ್ಡಿನಲ್ಲಿ ಮಾಡಿಸಿದೆವು.

ಬುಟ್ಟಿಗಳ ಬಗ್ಗೆಯೂ ಹೇಳ್ತೇನೆ. ಉಪ್ಪು ಗಾಳಿಗೆ ಸ್ಟೀಲ್ ಅಂತ ಹೇಳಿದ್ದು ಎಲ್ಲವೂ ಸ್ಟೀಲ್ ಅಲ್ಲ. 304 ದರ್ಜೆಯ ಸ್ಟೀಲ್ ಅಂತ ಬಿಲ್ಲಿನಲ್ಲಿ ಬರೆಸಿ. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ತೋರಿಸ್ತಾರೆ, ಅಂಟಲಿಲ್ಲ ನೋಡಿ ಅಂತ. ಅಗ್ಗದ 202 ದರ್ಜೆಗೂ ಅಂಟುವುದಿಲ್ಲ. 202ರಲ್ಲಿ ನಿಕ್ಕೆಲ್ ಕಡಿಮೆ, ಮ್ಯಾಂಗನೀಸ್ ಜಾಸ್ತಿ, ಅದಕ್ಕೇ ರೇಟ್ ಕಡಿಮೆ, ತುಕ್ಕೂ ಬೇಗ.

ಮುಳ್ಳೇರಿಯ_ಮರಗೆಲಸ

ಅಕ್ಕ ಹೇಳಿದ ಪೈಪಿನ ತೂತಿನ ವಿಷಯ ಚಿನ್ನದಂಥ ಮಾತು. ಎಂಥಾ ಒಳ್ಳೆ ಹಲಗೆ ಆದರೂ ಕೊರೆದ ಅಂಚಿಗೆ ಸಿಲಿಕಾನ್ ಹಚ್ಚಿಸಿ, ನೀವು ಎದುರು ನಿಂತು ಹಚ್ಚಿಸಿ.

"ಮೆರೈನ್" ಅನ್ನುವ ಹೆಸರನ್ನು ಯಾರೂ ಬರೆಯಬಹುದು. ನೀವು ಕೇಳಬೇಕಾದ್ದು ಐಎಸ್ 710. ಅದು ಬಿಐಎಸ್ ಅಂದರೆ ಭಾರತೀಯ ಮಾನಕ ಬ್ಯೂರೋದ ಮಾನದಂಡ, ಆ ಹಲಗೆಯ ತುಂಡು 72 ಗಂಟೆ ಕುದಿಯುವ ನೀರಿನಲ್ಲಿದ್ದರೂ ಪದರ ಬಿಡಬಾರದು. ಸಾಧಾರಣ ಪ್ಲೈವುಡ್ಡಿನ ಮಾನದಂಡ ಐಎಸ್ 303ರಲ್ಲಿ ಎಂಆರ್ ಅಂತ ಬರುವುದು ತೇವಕ್ಕೆ ಅಲ್ಪಸ್ವಲ್ಪ ತಡೆಯುವಂಥದ್ದು, ಸಿಂಕಿನ ಹತ್ತಿರಕ್ಕೆ ಅಲ್ಲ. ಹಲಗೆಯ ಮೇಲೆ ಐಎಸ್‌ಐ ಗುರುತು, ಅದರ ಕೆಳಗೆ ಸಿಎಂ/ಎಲ್ ಅಂತ ಲೈಸೆನ್ಸ್ ಸಂಖ್ಯೆ ಇರ್ತದೆ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ಕಂಪನಿ, ಯಾವ ವಸ್ತುವಿಗೆ, ಲೈಸೆನ್ಸ್ ಚಾಲ್ತಿಯಲ್ಲಿ ಉಂಟಾ ಅಂತ ತೋರಿಸ್ತದೆ. ಲ್ಯಾಮಿನೇಟ್ (ಹಲಗೆಯ ಮೇಲಿನ ಹಾಳೆ) ಅಂಟಿಸಿದ ಮೇಲೆ ಗುರುತು ಒಳಗೆ ಹೋಯ್ತು, ಮತ್ತೆ ನೋಡ್ಲಿಕ್ಕೆ ಸಾಧ್ಯ ಇಲ್ಲ. ಹಾಗಾಗಿ ಹಲಗೆ ಇಳಿದ ದಿನವೇ ನೋಡಿ ಫೋಟೋ ತೆಗೆದಿಡಿ. ಮಂಗಳೂರಿನವರು ಫ್ಯಾಕ್ಟರಿಯಲ್ಲಿ ಕತ್ತರಿಸಿ ತರುವುದಾದರೆ ಹಲಗೆ ಖರೀದಿಸಿದ ಬಿಲ್ಲಿನ ಪ್ರತಿ ಕೇಳಿ.

ದುಡ್ಡು ಉಳಿಸುವ ಜಾಗವೂ ಇಲ್ಲೇ ಉಂಟು. ಎಲ್ಲ ಕಡೆ 710 ಬೇಡ. ಕೆಳಗಿನದ್ದಕ್ಕೆ, ಮುಖ್ಯವಾಗಿ ಸಿಂಕಿನ ಭಾಗಕ್ಕೆ 710. ಮೇಲಿನ ಕಪಾಟಿಗೆ 303ರ ಬಿಡಬ್ಲ್ಯೂಆರ್, ಅಂದರೆ ಕುದಿಯುವ ನೀರನ್ನೂ ತಡೆಯುವ ದರ್ಜೆ ಸಾಕು. ಒಳಬದಿಗೆ ದುಬಾರಿ ಬಣ್ಣದ ಲ್ಯಾಮಿನೇಟ್ ಬೇಡ, ಬಿಳಿಯ ಲೈನರ್ ಸಾಕು. ಬಾಗಿಲಿಗೆ ಅಕ್ರಿಲಿಕ್ ಹಾಕಿ ಅಂತ ಶೋರೂಮಿನಲ್ಲಿ ಒತ್ತಾಯ ಮಾಡ್ತಾರೆ. ಹೊಳಪು ಚೆಂದ, ಆದರೆ ಗೀರು ಬಿದ್ದರೆ ಎದ್ದು ಕಾಣ್ತದೆ. 1 ಎಂಎಂ ಲ್ಯಾಮಿನೇಟ್ ನಮ್ಮ ಮನೆಗಳಿಗೆ ಧಾರಾಳ. ಹಿಂಜ್, ಡ್ರಾಯರ್ ರೈಲಿನಲ್ಲಿ ಮಾತ್ರ ಉಳಿಸ್ಲಿಕ್ಕೆ ಹೋಗಬೇಡಿ, ದಿನಕ್ಕೆ ಹತ್ತಾರು ಸಲ ಎಳೆಯುವುದು ಅದನ್ನೇ. ಹೆಟ್ಟಿಚ್, ಹಾಫೆಲೆ, ಎಬ್ಕೊ ಯಾವುದೇ ಆಗಲಿ, ಕಂಪನಿ ಹೆಸರಿನ ಜೊತೆ ಮಾಡೆಲ್ ಕೂಡ ಬರೆಸಿ. ಒಂದೇ ಕಂಪನಿಯಲ್ಲಿ ಸಾಧಾರಣ ರೈಲೂ ಉಂಟು, ಮೆಲ್ಲನೆ ತಾನೇ ಮುಚ್ಚುವ ಸಾಫ್ಟ್ ಕ್ಲೋಸ್ ಟ್ಯಾಂಡೆಮ್ ಡ್ರಾಯರೂ ಉಂಟು, ರೇಟಿನಲ್ಲಿ ಅಜಗಜಾಂತರ.

ವರ್ಕಾಡಿ_ಗಡಿ

ಬಿಲ್ಲಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೇನೆ. ನಾವು ಕೇರಳ-ಕರ್ನಾಟಕ ಗಡಿಯಲ್ಲಿ ಇರುವವರು, ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದು ನಮಗೆ ಪೇಟೆಗೆ ಹೋದ ಹಾಗೆ. ಮಂಗಳೂರಿನಿಂದ ತಂದರೆ ತೆರಿಗೆ ಜಾಸ್ತಿ ಅಂತ ಕೆಲವರು ಹೆದರಿಸ್ತಾರೆ. ಇಲ್ಲ. ಇಲ್ಲಿ ಕೇಂದ್ರ, ರಾಜ್ಯ ಅಂತ ಎರಡು ಪಾಲು ಮಾಡಿ ಹಾಕುವ 18ನ್ನೇ ಅಲ್ಲಿಂದ ಬಂದರೆ ಐಜಿಎಸ್‌ಟಿ ಅಂತ ಒಟ್ಟಿಗೆ ಹಾಕ್ತಾರೆ, ಅಷ್ಟೇ. ಜಿಎಸ್‌ಟಿ ಸಂಖ್ಯೆ 29ರಿಂದ ಸುರುವಾದರೆ ಕರ್ನಾಟಕದ್ದು, 32 ಆದರೆ ಕೇರಳದ್ದು. ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿ ನೋಡಿದರೆ ಅಂಗಡಿಯ ಹೆಸರು ಬರ್ತದೆ. ಕಾಂಪೊಸಿಶನ್ ಸ್ಕೀಮಿನಲ್ಲಿ (ವಹಿವಾಟಿನ ಮೇಲೆ ತಾವೇ ಸಣ್ಣ ತೆರಿಗೆ ಕಟ್ಟುವ ಯೋಜನೆ) ಇರುವ ಸಣ್ಣ ಅಂಗಡಿಯವರು ಗ್ರಾಹಕರಿಂದ ಜಿಎಸ್‌ಟಿ ಅಂತ ಬೇರೆ ವಸೂಲು ಮಾಡುವ ಹಾಗೇ ಇಲ್ಲ.

ಬಿಲ್ ಬೇಡ ಅಂದರೆ 18 ಬಿಡ್ತೇನೆ ಅಂತ ಹೇಳುವವರು ಸಿಕ್ಕೇ ಸಿಗ್ತಾರೆ. ಒಪ್ಪಬೇಡಿ. ಬಿಲ್ ಇದ್ದರೆ ವಾರಂಟಿ, ಬಿಲ್ ಇದ್ದರೆ ದೂರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅಂಗಡಿ ಮಂಗಳೂರಿನಲ್ಲಿ ಇದ್ದರೂ ನೀವು ವಾಸ ಇರುವ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಆದರೆ ಶುಲ್ಕ ಇಲ್ಲ. 2 ವರ್ಷದ ಒಳಗೆ ಕೊಡಬೇಕು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೂ ಆಗ್ತದೆ.

ಇನ್ನೊಂದು ಮಾತು ನನಗೆ ಬಹಳ ಮುಖ್ಯ. ಮನೆಯಲ್ಲಿ ಹಿರಿಯರು ಕನ್ನಡ ಮಾತ್ರ ಓದುವವರಾದರೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುವ ಕರಾರಿಗೆ ಹಾಗೇ ಸಹಿ ಹಾಕಿಸಬೇಡಿ. ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಅಂಗಡಿಯವರ ಸಹಿ, ಸೀಲು ತೆಗೆದುಕೊಳ್ಳಿ. ಕೇಳಿದರೆ ಕೊಡ್ತಾರೆ, ನಮ್ಮ ಕಡೆಯ ಅಂಗಡಿಗಳಲ್ಲಿ ಕನ್ನಡ ಬರುವವರು ಒಬ್ಬರಾದರೂ ಇರ್ತಾರೆ.

ನೀರ್ಚಾಲು_ಹೊಸಮನೆ

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ನೀವು ಹೇಳಿದ್ದನ್ನೆಲ್ಲ ಸೇರಿಸಿ ಒಂದೇ ನಕ್ಷೆ, ಒಂದೇ ಪಟ್ಟಿ ಬರೆದು ಮೂವರಿಗೂ ಕೊಟ್ಟೆ. ಶೋರೂಮಿನವರು ಹಲಗೆಯ ಹೆಸರು ಬರೆದು ಕೊಡ್ಲಿಕ್ಕೆ ಒಪ್ಪಲಿಲ್ಲ, ಅಲ್ಲಿಗೆ ಬಿಟ್ಟೆ. ಪೇಟೆಯವರು 66 ಚದರಡಿ ಒಪ್ಪಿದರು. ಕೆಳಗೆ 710 ಅಂತ ಬರೆದದ್ದಕ್ಕೆ ರೇಟ್ 1,700 ಮಾಡಿದ್ದಾರೆ. 1,12,200, ಜಿಎಸ್‌ಟಿ 20,196, ಒಟ್ಟು 1,32,396. 304ರ ಬುಟ್ಟಿ, ಡ್ರಾಯರಿಗೆ ಮಾಡೆಲ್ ಹೆಸರಿನೊಂದಿಗೆ ಬೇರೆ ಪಟ್ಟಿ ಕೊಟ್ಟಿದ್ದಾರೆ. ಬಡಗಿ ಹಿಂಬದಿಗೆ ರೇಟ್ ಇಳಿಸಿದ್ದಾರೆ. ಅವರ ಒಟ್ಟು ಲೆಕ್ಕ ಇನ್ನೂ ಬರಬೇಕು.

ಎರಡು ಪ್ರಶ್ನೆ ಉಳಿದಿದೆ. ಪೇಟೆಯವರು ಮುಂಗಡ ಅರ್ಧ ಕೇಳ್ತಾರೆ, ಕೊಡಬಹುದಾ? ಮತ್ತೆ ನಮ್ಮ ತೋಟದ ಹೆಬ್ಬಲಸು ಕೊಯ್ಯಿಸಿ ಇಟ್ಟದ್ದು ಉಂಟು, ಬಾಗಿಲಿಗೆ ಅದನ್ನೇ ಬಳಸಿದರೆ ಬಡಗಿಯಲ್ಲಿ ಎಷ್ಟು ಕಡಿಮೆ ಆದೀತು?

ಮುಳ್ಳೇರಿಯ_ಮರಗೆಲಸ

66ಕ್ಕೆ 1,700, ಅದರಲ್ಲಿ 710 ಹಲಗೆ. ಆ ರೇಟ್ ನ್ಯಾಯದ್ದೇ, ಇನ್ನು ಎಳೆದಾಡಬೇಡಿ. ಅವರಿಗೂ ಕೆಲಸದವರ ಕೂಲಿ ಹುಟ್ಟಬೇಕು.

ಅರ್ಧ ಮುಂಗಡ ಬೇಡ. ಬುಕ್ ಮಾಡುವಾಗ ಸ್ವಲ್ಪ, ಹಲಗೆ ಬಂದು ನೀವು ಗುರುತು ನೋಡಿದ ಮೇಲೆ ದೊಡ್ಡ ಪಾಲು, ಕಪಾಟು ನಿಲ್ಲಿಸಿದ ಮೇಲೆ ಇನ್ನೊಂದು ಪಾಲು. ನೂರಕ್ಕೆ ಹತ್ತಾದರೂ ಎಲ್ಲ ಬಾಗಿಲು ಸರಿಯಾಗಿ ಮುಚ್ಚಿ, ಸಿಂಕಿನಲ್ಲಿ ನೀರು ಬಿಟ್ಟು ನೋಡಿದ ಮೇಲೆ ಕೊಡಿ. ಇದನ್ನು ಬಾಯಿಮಾತಿನಲ್ಲಿ ಬಿಡದೆ ಕರಾರಿನಲ್ಲಿ ಬರೆಸಿ.

ಹೆಬ್ಬಲಸು ಒಳ್ಳೆ ಮರ, ಆದರೆ ಪೂರ್ತಿ ಒಣಗಿದ್ದು ಇರಬೇಕು. ಹಸಿ ಇದ್ದರೆ ಬೇಸಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಉಬ್ಬಿ ಬಾಗಿಲು ಹಿಡಿಯುತ್ತದೆ. ಮರದ ಚೌಕಟ್ಟಿನ ಬಾಗಿಲಿಗೆ ಕೂಲಿ ಜಾಸ್ತಿ, ಪಾಲಿಶ್ ಬೇರೆ. ಮರ ನಿಮ್ಮದೇ ಆದರೂ ಒಟ್ಟಿನಲ್ಲಿ ಲ್ಯಾಮಿನೇಟ್ ಬಾಗಿಲಿಗಿಂತ ಅಗ್ಗ ಆಗ್ತದೆ ಅಂತ ಲೆಕ್ಕ ಹಾಕಬೇಡಿ. ಮರದ ಮೇಲೆ ಪ್ರೀತಿ ಇದ್ದರೆ ಮಾಡಿಸಿ, ಬಾಗಿಲುಗಳ ನಡುವೆ 3 ಎಂಎಂ ಸಂದು ಬಿಡ್ಲಿಕ್ಕೆ ಹೇಳಿ. ಇಲ್ಲವಾದರೆ ಆ ಹಲಗೆಯನ್ನು ವರ್ಕ್ ಏರಿಯಾದ ತಟ್ಟುಗಳಿಗೆ ಇಡಿ.

ಗ್ರಾನೈಟಿನವನನ್ನು ಕರೆಯುವ ಮೊದಲು ಸಿಂಕ್, ಒಲೆ ಎರಡನ್ನೂ ತಂದು ಮನೆಯಲ್ಲಿ ಇಟ್ಟುಕೊಳ್ಳಿ. ಕ್ಯಾಟಲಾಗಿನ ಅಳತೆ ನೋಡಿ ಕಲ್ಲು ಕೊರೆದರೆ ಸಿಂಕ್ ಕೂರದಿದ್ದಾಗ ಮರದವನು ಕಲ್ಲಿನವನ ಮೇಲೆ, ಕಲ್ಲಿನವನು ಮರದವನ ಮೇಲೆ ಹಾಕ್ತಾನೆ, ಹೊಸ ಕಲ್ಲಿನ ದುಡ್ಡು ನಿಮ್ಮ ತಲೆಗೆ ಬರ್ತದೆ.